ನೋಟಿಸು, ಕೋರಂ, ಕಾಫಿ: ಅಣ್ಣಾ ನಗರದ ಮೀಟಿಂಗಿನ ಪೂರ್ವಜರು

ಅಣ್ಣಾ ನಗರದ ಫ್ಲ್ಯಾಟುಗಳಲ್ಲಿ ಇದ್ದವರೆಲ್ಲ ನೋಡಿರುವ ಕಾಗದವೊಂದಿದೆ. ಲಿಫ್ಟಿನ ಪಕ್ಕದ ಗೋಡೆಯ ಮೇಲೋ ಮೀಟರ್ ಪೆಟ್ಟಿಗೆಯ ಬಾಗಿಲ ಮೇಲೋ ಅದನ್ನು ಅಂಟಿಸಿರುತ್ತಾರೆ. ಮೇಲೆ ಅಸೋಸಿಯೇಷನ್ನಿನ ಹೆಸರು, ರಿಜಿಸ್ಟ್ರೇಷನ್ ನಂಬರು. ಕೆಳಗೆ, ಇಂಥ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕಾರ್ ಪಾರ್ಕಿಂಗಿನಲ್ಲಿ ವಾರ್ಷಿಕ ಮಹಾಸಭೆ, ಮಾಲೀಕರೆಲ್ಲ ತಪ್ಪದೆ ಬರಬೇಕು ಎಂಬ ಒಕ್ಕಣೆ. ಆಮೇಲೆ ಕಾರ್ಯಸೂಚಿ: ಹಿಂದಿನ ಸಭೆಯ ನಡಾವಳಿ ಓದುವುದು, ಲೆಕ್ಕಪತ್ರ ಒಪ್ಪುವುದು, ಮೇಂಟೆನೆನ್ಸ್ ಏರಿಸುವುದು, ಲಿಫ್ಟಿನ ಎಎಂಸಿ, ಹೊಸ ಪದಾಧಿಕಾರಿಗಳ ಆಯ್ಕೆ. ಕೊನೆಯದು ಯಾವಾಗಲೂ ಒಂದೇ: ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು. ಅದರ ಕೆಳಗೆ, ಕೋರಂ ಆಗದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ, ಬಂದಷ್ಟು ಜನರೊಂದಿಗೆ ನಡೆಸಲಾಗುವುದು ಎಂಬ ಇನ್ನೊಂದು ಸಾಲು. ಕೋರಂ ಆಗುವುದಿಲ್ಲವೆಂದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು.

ಈ ಪತ್ರಿಕೆ ಓದುವ ನಮ್ಮಲ್ಲಿ ಹೆಚ್ಚಿನವರು ಬಾಡಿಗೆದಾರರು. ಆ ಕಾಗದ ನಮ್ಮನ್ನು ಕರೆಯುವುದಿಲ್ಲ. ಆದರೆ ನಮ್ಮ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರಬೇಕು, ಬೈಕು ಎಲ್ಲಿ ನಿಲ್ಲಬೇಕು, ಬ್ಯಾಚುಲರುಗಳಿಗೆ ಮನೆ ಕೊಡಬಹುದೇ, ಮನೆಗೆಲಸದವರು ಲಿಫ್ಟ್ ಹತ್ತಬಹುದೇ ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲೇ. ಹಾಗಾಗಿ ಈ ಸಭೆ ಎಲ್ಲಿಂದ ಬಂತು, ಅದರ ಒಳಗೆ ಯಾರು, ಹೊರಗೆ ಯಾರು ಎಂದು ಯಾವಾಗ ನಿಶ್ಚಯವಾಯಿತು ಎಂದು ಹುಡುಕುವುದು ಬರಿ ಕುತೂಹಲದ ಮಾತಲ್ಲ. ಹುಡುಕುತ್ತ ಹೋದರೆ ದಾರಿ ಅಮೆರಿಕಕ್ಕೂ ಹೋಗುತ್ತದೆ, ಉತ್ತರಮೇರೂರಿಗೂ ಹೋಗುತ್ತದೆ. ನಡುವೆ ನಮ್ಮ ಕೆನರಾ ಜಿಲ್ಲೆಯನ್ನೇ ಹಾದು ಹೋಗುತ್ತದೆ ಎಂಬುದು ನನಗೆ ಹೆಚ್ಚು ಮಜಾ ಅನ್ನಿಸಿದ ಸಂಗತಿ.

ಮೊದಲು ಊರಿನ ಕಥೆ, ಚುಟುಕಾಗಿ. 1968ರ ಜನವರಿಯಲ್ಲಿ ಮದರಾಸಿನ ಪಶ್ಚಿಮದ ಅಂಚಿನಲ್ಲಿ, ಮುಲ್ಲಂ, ನಡುವಕ್ಕರೈ ಹಳ್ಳಿಗಳಿದ್ದ ಕಡೆ, ಒಂದು ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆಯಿತು. ಅದಕ್ಕೆಂದು ಕಟ್ಟಿದ ಎತ್ತರದ ಗೋಪುರವೇ ಇವತ್ತಿನ ಅಣ್ಣಾ ನಗರ್ ಟವರ್. 2011ರಲ್ಲಿ ಜನರಿಗೆ ಮುಚ್ಚಿದ ಅದನ್ನು ಮತ್ತೆ ತೆರೆದದ್ದು 2023ರಲ್ಲಿ. ಗೋಪುರ ಇರುವ ಪಾರ್ಕಿಗೆ ವಿಶ್ವೇಶ್ವರಯ್ಯನವರ ಹೆಸರಿದೆ. ಬೆಳಗಿನ ವಾಕಿಂಗಿಗೆ ಹೋಗುವ ಕನ್ನಡಿಗರು ಒಮ್ಮೆಯಾದರೂ ಆ ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಂಡಿರುತ್ತಾರೆ. ಮೇಳ ಮುಗಿದ ಮೇಲೆ ಸುತ್ತಲಿನ ನೆಲದಲ್ಲಿ ಹೌಸಿಂಗ್ ಬೋರ್ಡು ಬಡಾವಣೆ ಬೆಳೆಸಿತು. 1969ರ ಫೆಬ್ರವರಿ 3ರಂದು ತೀರಿಕೊಂಡ ಮುಖ್ಯಮಂತ್ರಿ ಸಿ.ಎನ್. ಅಣ್ಣಾದುರೈ ಅವರ ಹೆಸರು ಅದಕ್ಕೆ ಬಂತು. ನೆಟ್ಟನೆಯ ಅವೆನ್ಯೂಗಳು, ಅಕ್ಷರಗಳ ಹೆಸರಿನ ಬ್ಲಾಕುಗಳು, ನಡುವೆ ರೌಂಡ್‌ಟಾನಾ. ಮದರಾಸಿನ ಹಳೆಯ ಪೇಟೆಗಳ ಸಿಕ್ಕು ಇಲ್ಲಿಲ್ಲ.

ಆಗ ಸೈಟು ಪಡೆದವರು ಕಟ್ಟಿದ್ದು ಒಂಟಿ ಮನೆಗಳನ್ನು. ಮಕ್ಕಳು ದೊಡ್ಡವರಾಗಿ, ನೆಲದ ಬೆಲೆ ಏರಿದ ಮೇಲೆ ಆ ಮನೆಗಳು ಒಂದೊಂದಾಗಿ ಬಿಲ್ಡರುಗಳ ಕೈಗೆ ಹೋಗಿ ಎಂಟು, ಹನ್ನೆರಡು ಫ್ಲ್ಯಾಟುಗಳ ಕಟ್ಟಡಗಳಾದವು. ಚೆನ್ನೈಯಲ್ಲಿ ಫ್ಲ್ಯಾಟು ಕೊಂಡವರ ಬಾಯಲ್ಲಿ ಮೊದಲು ಬರುವ ಮಾತು ಯುಡಿಎಸ್. ಅಂದರೆ ನೆಲದಲ್ಲಿ ವಿಂಗಡಿಸದ ಪಾಲು. 2023ರವರೆಗೆ ಕ್ರಯಪತ್ರದಲ್ಲಿ ಬರೆದುಕೊಡುತ್ತಿದ್ದದ್ದು ಆ ನೆಲದ ಪಾಲನ್ನು. ಮನೆಗೆ ಬಿಲ್ಡರಿನೊಡನೆ ಬೇರೆ ಕರಾರು ಇರುತ್ತಿತ್ತು. ಮನೆಯನ್ನು ಗೋಡೆ ಎಬ್ಬಿಸಿ ಹಂಚಬಹುದು. ಸಂಪನ್ನು, ಮೋಟಾರನ್ನು, ಮೆಟ್ಟಿಲನ್ನು, ತಾರಸಿಯನ್ನು ಹಂಚಲಾಗುವುದಿಲ್ಲ. ಮೀಟಿಂಗು ಹುಟ್ಟುವುದು ಈ ಹಂಚಲಾಗದ ಸಾಮಾನುಗಳಿಂದ.

ಇಲ್ಲಿನ ಬಹುಪಾಲು ಅಸೋಸಿಯೇಷನ್ನುಗಳು ನೋಂದಣಿಯಾಗಿರುವುದು 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಡಿ. ಯುವಕ ಸಂಘ, ಭಜನಾ ಮಂಡಳಿ, ನಮ್ಮ ಕನ್ನಡ ಸಂಘಗಳಿಗೂ ಅದೇ ಕಾಯ್ದೆ. ಏಳು ಜನ ಸೇರಿದರೆ ಸಂಘ; ವರ್ಷಕ್ಕೊಂದು ಮಹಾಸಭೆ; ಅದಕ್ಕೆ 21 ದಿನ ಮುಂಚೆ ನೋಟಿಸು; ಸಮಿತಿಯ ಅವಧಿ ಮೂರು ವರ್ಷ ಮೀರಬಾರದು; ಬೈಲಾ ತಿದ್ದುವಂಥ ದೊಡ್ಡ ಕೆಲಸಕ್ಕೆ ಹಾಜರಿದ್ದವರಲ್ಲಿ ಮುಕ್ಕಾಲು ಪಾಲು ಬೇಕು. ನೀರಿನ ಮೋಟಾರು ಸುಟ್ಟ ಹನ್ನೆರಡು ಸಂಸಾರಗಳು ನಾಟಕ ಮಂಡಳಿಯ ಕಾನೂನಿನಡಿ ಕೂತು ಮಾತಾಡುತ್ತಿವೆ ಎಂದರೂ ತಪ್ಪಾಗದು.

ಸಭೆಯ ತಯಾರಿ ಯಾರು ಮಾಡುತ್ತಾರೆ ಎಂಬುದರಲ್ಲೇ ಅರ್ಧ ಇತಿಹಾಸ ಇದೆ. ಅಣ್ಣಾ ನಗರದ ಸೆಕ್ರೆಟರಿ ಸಾಮಾನ್ಯವಾಗಿ ನಿವೃತ್ತರು. ಬ್ಯಾಂಕಿನಿಂದ, ರೈಲ್ವೆಯಿಂದ, ವಿದ್ಯುತ್ ಮಂಡಳಿಯಿಂದ, ಅಥವಾ ಪಕ್ಕದಲ್ಲೇ 1955ರಲ್ಲಿ ಶುರುವಾದ ಐಸಿಎಫ್ ಬೋಗಿ ಕಾರ್ಖಾನೆಯಿಂದ. ಮೂವತ್ತೈದು ವರ್ಷ ಫೈಲು ನೋಡಿದ ಕೈ ಅದು. ಅವರ ಕಪಾಟಿನಲ್ಲಿ ನಾಲ್ಕು ಪುಸ್ತಕಗಳಿರುತ್ತವೆ: ಸದಸ್ಯರ ರಿಜಿಸ್ಟರು, ನಡಾವಳಿ ಪುಸ್ತಕ, ಕ್ಯಾಶ್ ಬುಕ್ಕು, ರಸೀತಿ ಪುಸ್ತಕ. ಮಹಾಸಭೆಗೆ ಎರಡು ತಿಂಗಳಿರುವಾಗ ಖಜಾಂಚಿಯನ್ನು ಕೂರಿಸಿಕೊಂಡು ಪಾಸ್‌ಬುಕ್ಕನ್ನೂ ಕ್ಯಾಶ್ ಬುಕ್ಕನ್ನೂ ತಾಳೆ ನೋಡುತ್ತಾರೆ. ಆಡಿಟರ್ ಬಳಿ ಹೋಗಿಬರುತ್ತಾರೆ. ಪೇಂಟಿಂಗಿಗೆ ಮೂರು ಕೊಟೇಷನ್ ತರಿಸುತ್ತಾರೆ. ಮೂರರಲ್ಲಿ ಎರಡು, ಮೂರನೆಯದು ಕಡಿಮೆ ಕಾಣಲೆಂದು ಬಂದವೇ ಎಂಬ ಗುಮಾನಿ ಎರಡನೇ ಮಹಡಿಯವರಿಗೆ ಯಾವತ್ತೂ ಇರುತ್ತದೆ. ಬಾಕಿದಾರರ ಪಟ್ಟಿ ಮಾಡುತ್ತಾರೆ, ಆದರೆ ಗೋಡೆಗೆ ಅಂಟಿಸಬೇಕೋ ಬೇಡವೋ ಎಂದು ಒಂದು ವಾರ ಯೋಚಿಸುತ್ತಾರೆ. ಅಂಟಿಸಿದರೆ ದುಡ್ಡು ಬರುತ್ತದೆ, ಮಾತು ನಿಲ್ಲುತ್ತದೆ.

ಕಾಗದದ ಮೇಲೆ ಕಾಣದ ತಯಾರಿ ಇನ್ನೊಂದು. ಮೇಂಟೆನೆನ್ಸ್ ಮೂರು ಸಾವಿರದಿಂದ ನಾಲ್ಕು ಸಾವಿರಕ್ಕೆ ಏರಬೇಕಾದರೆ ಸಭೆಯಲ್ಲಿ ಮೊದಲ ಸಲ ಆ ಮಾತು ಎತ್ತುವ ಸೆಕ್ರೆಟರಿ ಹೊಸಬ. ಅನುಭವಸ್ಥರು ಹಿಂದಿನ ವಾರವೇ ಮೇಲಿನ ಮನೆಯ ಮಾಮಿಗೆ, ಕೆಳಗಿನ ಮನೆಯ ಡಾಕ್ಟರಿಗೆ ಫೋನು ಹಚ್ಚಿ, ಸೂಚಿಸುವವರು ಯಾರು, ಅನುಮೋದಿಸುವವರು ಯಾರು ಎಂದು ಗೊತ್ತು ಮಾಡಿಕೊಂಡಿರುತ್ತಾರೆ. ಇದನ್ನು ಒಳಸಂಚು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಲ್ಕು ಗೋಡೆಯ ನಡುವೆ ಮೊದಲೇ ಜಗಳವಾಡಿ ಮುಗಿಸಿದ್ದರೆ ಪಾರ್ಕಿಂಗಿನಲ್ಲಿ ಕೂಗಾಟ ಕಡಿಮೆ. ತೊಂದರೆ ಶುರುವಾಗುವುದು ಫೋನು ಕೆಲವರಿಗೆ ಮಾತ್ರ ಹೋದಾಗ.

ಸಭೆಯ ದಿನ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ. ಫ್ಲಾಸ್ಕಿನಲ್ಲಿ ಕಾಫಿ, ಹತ್ತಿರದ ಹೋಟೆಲಿನ ವಡೆ. ಹತ್ತೂವರೆಗೆ ಐದು ಜನ. ಹನ್ನೊಂದಕ್ಕೆ ಒಂಬತ್ತು ಜನ. ನೋಟಿಸಿನ ಕೊನೆಯ ಸಾಲು ಜಾರಿಗೆ ಬಂದು ಸಭೆ ಆರಂಭ. ಸೇಲ್ ಡೀಡು ಹೆಂಡತಿಯ ಹೆಸರಿನಲ್ಲಿದ್ದು ಗಂಡ ಬಂದು ಕೂತಿರುವುದು, ಹಾಜರಿ ಪುಸ್ತಕದಲ್ಲಿ ಅವನೇ ಸಹಿ ಹಾಕುವುದು ಎಷ್ಟು ಮಾಮೂಲೆಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಒಮ್ಮೆ ಯಾರಾದರೂ ಪ್ರಶ್ನಿಸಿದರೆ ಆ ವರ್ಷದ ಚುನಾವಣೆಯೇ ಬಿದ್ದುಹೋಗಬಹುದು.

ಇಲ್ಲಿ ಒಂದು ಅಡ್ಡಮಾತು. ಸಭೆ ಗೊತ್ತು ಮಾಡಿದ್ದಕ್ಕೆ ಹಳೆಯ ಮೈಸೂರಿನ ಕನ್ನಡದಲ್ಲಿ ಗೊತ್ತುವಳಿ ಎಂಬ ಚೆಂದದ ಪದವಿತ್ತು. ಧಾರವಾಡ, ಬೆಳಗಾವಿ ಕಡೆ ಅದನ್ನೇ ಠರಾವು ಅಂದರು; ಮುಂಬಯಿ ಸರಕಾರದ ಮರಾಠಿ ಕಚೇರಿಗಳಿಂದ ಬಂದ ಮಾತು. ಈಗ ಎಲ್ಲೆಡೆ ನಿರ್ಣಯ. ತಮಿಳಿನಲ್ಲಿ ತೀರ್ಮಾನಂ. ನಮ್ಮ ನಡಾವಳಿ ಮಾತ್ರ ಸರಕಾರಿ ಆದೇಶಗಳ ತಲೆಯ ಮೇಲೆ ಇನ್ನೂ ಬದುಕಿದೆ. ಕನ್ನಡಿಗರು ಸಭೆ ನಡೆಸುವುದನ್ನು ಬೇರೆ ಬೇರೆ ರಾಜಧಾನಿಗಳಿಂದ ಕಲಿತರು ಎನ್ನಲು ಈ ಪದಗಳೇ ಸಾಕ್ಷಿ.

ಉತ್ತರಮೇರೂರಿಗೆ ಬರೋಣ. ಚೆನ್ನೈಯಿಂದ ಸುಮಾರು 90 ಕಿಲೋಮೀಟರ್. ಅಲ್ಲಿನ ವೈಕುಂಠ ಪೆರುಮಾಳ್ ದೇವಸ್ಥಾನದ ಗೋಡೆಯ ಮೇಲೆ ಚೋಳ ರಾಜ ಒಂದನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ, 919 ಮತ್ತು 921ನೆಯ ಇಸವಿಯವು. ಮಡಕೆಯಲ್ಲಿ ಓಲೆ ಹಾಕಿ, ಏನೂ ಅರಿಯದ ಹುಡುಗನ ಕೈಯಲ್ಲಿ ಎತ್ತಿಸಿ ಸಮಿತಿಗಳನ್ನು ಆರಿಸುತ್ತಿದ್ದ ವಿಧಾನವನ್ನು ಅವು ವಿವರಿಸುತ್ತವೆ. ಭಾಷಣಗಳಲ್ಲಿ ಇದನ್ನು ಪ್ರಜಾಪ್ರಭುತ್ವದ ತವರು ಎನ್ನುತ್ತಾರೆ. ಅಷ್ಟು ದೂರ ಹೋಗುವ ಮುಂಚೆ ಅರ್ಹತೆಯ ಪಟ್ಟಿ ನೋಡಬೇಕು. ತೆರಿಗೆ ಕಟ್ಟುವ ಕಾಲು ವೇಲಿ ನೆಲವಿರಬೇಕು. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಂಡಿರಬೇಕು. ಎರಡನೆಯ ಶಾಸನದ ಪ್ರಕಾರ ವಯಸ್ಸು 35ರಿಂದ 70ರ ಒಳಗೆ. ವೇದ ಬಲ್ಲವನಾಗಿರಬೇಕು, ಅದು ಬ್ರಾಹ್ಮಣರ ಸಭೆ. ಅಂದರೆ ಇದು ಊರಿನ ಎಲ್ಲರ ಸಭೆಯಲ್ಲ, ಅಚ್ಚುಕಟ್ಟಾದ ಮನೆ ಮಾಲೀಕರ ಸಂಘ!

ಆದರೂ ಆ ಶಾಸನದ ಎರಡು ಷರತ್ತುಗಳನ್ನು ಇವತ್ತಿನ ಬೈಲಾಗಳಿಗೆ ಸೇರಿಸಬಹುದಾಗಿತ್ತು ಅನ್ನಿಸುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನು ಮತ್ತೆ ನಿಲ್ಲುವಂತಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ನಿಲ್ಲುವಂತಿಲ್ಲ. ಅವನೊಬ್ಬನೇ ಅಲ್ಲ, ಅವನ ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು, ಸೋದರಮಾವ, ಮಾವ ಎಂದು ನೆಂಟರ ಉದ್ದನೆಯ ಪಟ್ಟಿಯೇ ಇದೆ. 1975ರ ಕಾಯ್ದೆಯೂ ಮೂರು ವರ್ಷ ಎನ್ನುತ್ತದೆ, ಆದರೆ ಅವಧಿ ಮುಗಿದವರೇ ಮತ್ತೆ ಆರಿಸಿ ಬರಬಹುದು. ಬರುತ್ತಾರೆ ಕೂಡ. ಬೇರೆ ಯಾರೂ ಒಪ್ಪದ ಕಾರಣಕ್ಕೆ ಹದಿನೈದು ವರ್ಷ ಸೆಕ್ರೆಟರಿಯಾಗಿ ಉಳಿದವರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ.

ಚೋಳರ ಓಲೆಗೂ ನಮ್ಮ ನೋಟಿಸಿಗೂ ನಡುವೆ ನೇರ ದಾರಿ ಇಲ್ಲ. ಪಾರ್ಕಿಂಗಿನ ಸಭೆಗೆ ನಿಜವಾದ ಅಜ್ಜ ಬೇರೆ ಕಡೆ ಇದ್ದಾನೆ. ಅದಕ್ಕೆ ಮುಂಬಯಿಗೆ ಹೋಗಬೇಕು.

ಕೆನರಾ ಜಿಲ್ಲೆ ಮೊದಲು ಪೂರ್ತಿಯಾಗಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1860ರ ದಶಕದ ಆರಂಭದಲ್ಲಿ ಉತ್ತರ ಕೆನರಾವನ್ನು ಮುಂಬಯಿಗೆ ಸೇರಿಸಿ, ದಕ್ಷಿಣ ಕೆನರಾವನ್ನು ಮದರಾಸಿಗೇ ಉಳಿಸಿದರು. ಹೀಗಾಗಿ ಕಾರವಾರ, ಹೊನ್ನಾವರದ ಓದಿದ ಹುಡುಗರು ಕೆಲಸಕ್ಕೆ ಮುಂಬಯಿಗೆ, ಮಂಗಳೂರು, ಉಡುಪಿಯವರು ಮದರಾಸಿಗೆ ಎಂಬ ರೂಢಿ ಬೆಳೆಯಿತು. ಮುಂಬಯಿಗೆ ಹೋದವರಲ್ಲಿ ಚಿತ್ರಾಪುರ ಸಾರಸ್ವತರು ಬಹಳ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. 1896ರಲ್ಲಿ ಪ್ಲೇಗು ಬಂದ ಮೇಲೆ ಮುಂಬಯಿಯಲ್ಲಿ ಇಕ್ಕಟ್ಟಿನ ಚಾಳುಗಳನ್ನು ಕೆಡವಿ ಹೊಸ ಬಡಾವಣೆ ಮಾಡಲು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೆಡವಿದ್ದು ಬೇಗ, ಕಟ್ಟಿದ್ದು ನಿಧಾನ. ಗುಮಾಸ್ತೆಯ ಸಂಬಳಕ್ಕೆ ಮನೆ ಸಿಗುವುದು ಕಷ್ಟವಾಯಿತು. ಸಿಕ್ಕರೂ ಮಾಲೀಕನ ಮರ್ಜಿ.

ಅದೇ ಹೊತ್ತಿಗೆ ಸಹಕಾರದ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಕಥೆ ನಮಗೆಲ್ಲ ಶಾಲೆಯಿಂದಲೇ ಗೊತ್ತು. 1906ರಲ್ಲಿ ಮುಂಬಯಿಯ ಸಾರಸ್ವತರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಪತ್ತಿನ ಸಂಘ ಕಟ್ಟಿದರು. ಈಗಿನ ಎಸ್‌ವಿಸಿ ಬ್ಯಾಂಕಿನ ಮೂಲ ಅದು. ಅದರ ಹಿಂದಿದ್ದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಹುಟ್ಟಿತು. ಮನೆ ಕಟ್ಟುವವರಿಗೆ ಹುಟ್ಟಿದ ಸಹಕಾರ ಸಂಘಗಳಲ್ಲಿ ದೇಶದಲ್ಲೇ ಮೊದಲನೆಯದೆಂದು ಅದನ್ನು ಎಣಿಸುತ್ತಾರೆ. 1912ರ ಹೊಸ ಕಾಯ್ದೆ ಸಾಲ ಕೊಡುವುದಲ್ಲದೆ ಬೇರೆ ಕೆಲಸಕ್ಕೂ ಸಹಕಾರ ಸಂಘ ಕಟ್ಟಬಹುದೆಂದಿತು. 1915ರಲ್ಲಿ ತಲ್ಮಕಿಯವರ ಮುಂದಾಳುತನದಲ್ಲಿ ಗಾಮದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅದೇ ವರ್ಷ.

ಗಾಮದೇವಿಯ ಸೊಸೈಟಿಯ ಹೊಸತನ ಕಟ್ಟಡದಲ್ಲಿರಲಿಲ್ಲ, ಕರಾರಿನಲ್ಲಿತ್ತು. ಇಂಗ್ಲೆಂಡಿನಲ್ಲಿ ಆಗ ನಡೆಯುತ್ತಿದ್ದ ಬಾಡಿಗೆದಾರರ ಸಹಭಾಗಿತ್ವದ ಮಾದರಿ ಅದು. ಕಟ್ಟಡ ಸೊಸೈಟಿಯದು. ಒಳಗೆ ವಾಸಿಸುವವರೆಲ್ಲ ಷೇರು ಕೊಂಡ ಸದಸ್ಯರು, ಹಾಗೆಯೇ ಸೊಸೈಟಿಗೆ ಬಾಡಿಗೆ ಕೊಡುವ ಬಾಡಿಗೆದಾರರು. ಬಾಡಿಗೆ ಎಷ್ಟೆಂದು ನಿರ್ಧರಿಸುವ ಸಭೆಯಲ್ಲಿ ಕೂರುವವರು ಆ ಬಾಡಿಗೆ ಕೊಡುವವರೇ. ಷೇರು ಎಷ್ಟೇ ಇರಲಿ, ತಲೆಗೊಂದು ಓಟು. ಇದು 1844ರ ರಾಚ್‌ಡೇಲ್ ನೇಕಾರರ ಕಾಲದಿಂದ ಬಂದ ಸಹಕಾರದ ನಿಯಮ. ನೋಟಿಸು, ಕೋರಂ, ಆಡಿಟ್ ಆದ ಲೆಕ್ಕ, ಸೂಚಕ, ಅನುಮೋದಕ, ನಡಾವಳಿ ಪುಸ್ತಕ, ಇವೆಲ್ಲ ನಮ್ಮ ಮನೆಮಾತಿನ ಜನ ವಾಸದ ಮನೆಯ ವಿಷಯಕ್ಕೆ ಬಳಸಲು ಶುರುಮಾಡಿದ್ದು ಇಂಥ ಕಡೆಗಳಲ್ಲಿ. ಹೆಸರಾಂತ ತಲ್ಮಕಿವಾಡಿ ಆಮೇಲೆ ತಾರದೇವದಲ್ಲಿ ಎದ್ದಿತು.

ಅಂದರೆ ಭಾರತದ ಹೌಸಿಂಗ್ ಸೊಸೈಟಿಯ ಸಭೆಗೆ ಅಡಿಪಾಯ ಹಾಕಿದವರಲ್ಲಿ ಮೊದಲಿಗರು ಊರು ಬಿಟ್ಟು ಬಂದ ಕೆನರಾದ ಬಾಡಿಗೆದಾರರು. ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಅಲ್ಲಿ ಸದಸ್ಯತ್ವ ಸಿಗುತ್ತಿದ್ದದ್ದು ಒಂದೇ ಸಮುದಾಯದವರಿಗೆ. ಪರಸ್ಪರ ಗುರುತಿದ್ದ ಕಾರಣಕ್ಕೇ ಹಣ ಕೂಡಿತು, ಬಾಕಿ ಉಳಿಯಲಿಲ್ಲ ಎಂದು ಸಮರ್ಥಿಸಬಹುದು. ಆದರೆ ಗೇಟಿನ ಹೊರಗೆ ನಿಂತ ಬೇರೆ ಗುಮಾಸ್ತೆಗೂ ಮನೆ ಬೇಕಿತ್ತು. ಈ ಗಂಟು ಇನ್ನೂ ಬಿಚ್ಚಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿಗಳ ಸೊಸೈಟಿಯೊಂದರ ಮೊಕದ್ದಮೆಯಲ್ಲಿ, ಸಹಕಾರ ಸಂಘ ತನ್ನ ಬೈಲಾದ ಮೂಲಕ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಅಣ್ಣಾ ನಗರದಲ್ಲಿ ಇಂಥ ಬೈಲಾ ಬೇಕಾಗುವುದಿಲ್ಲ. ಮನೆ ನೋಡಲು ಹೋದಾಗ ಬ್ರೋಕರು ಕೇಳುವ ಮೊದಲ ಪ್ರಶ್ನೆ, ನೀವು ವೆಜ್ಜಾ ನಾನ್‌ವೆಜ್ಜಾ ಎಂಬುದು, ಅದೇ ಕೆಲಸ ಮಾಡುತ್ತದೆ.

ಹಾಗಾದರೆ ಬಾಡಿಗೆದಾರರ ಸಭೆ ಮಾಲೀಕರ ಸಭೆಯಾದದ್ದು ಹೇಗೆ? ಸೊಸೈಟಿಯೇ ಒಡೆಯ ಎಂಬ ಮಾದರಿ ಹಿಂದಾಗಿ, ಒಬ್ಬೊಬ್ಬರೂ ತಮ್ಮ ಫ್ಲ್ಯಾಟಿಗೆ ಒಡೆಯರು ಎಂಬ ಮಾದರಿ ಮುಂದೆ ಬಂತು. ಅಮೆರಿಕದಲ್ಲಿ 1961ರ ವಸತಿ ಕಾಯ್ದೆ ಇಂಥ ಫ್ಲ್ಯಾಟುಗಳ ಸಾಲಕ್ಕೆ ಸರಕಾರದ ಭದ್ರತೆ ಕೊಟ್ಟಿತು. ರಾಜ್ಯಗಳು ಅನುಸರಿಸಲೆಂದು ಒಂದು ಮಾದರಿ ಕಾನೂನೂ ಬಂತು. ಡಿಕ್ಲರೇಷನ್, ಬೈಲಾ, ಕಾಮನ್ ಏರಿಯಾ ಎಂಬ ಅದರ ಮಾತುಗಳು 1970ರ ಮಹಾರಾಷ್ಟ್ರದ ಕಾಯ್ದೆಯಲ್ಲೂ 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯಲ್ಲೂ ಕಾಣುತ್ತವೆ. ಕರ್ನಾಟಕದ ಕಾಯ್ದೆಯಲ್ಲಿ ಬಹುಮತ ಎಂದರೆ ತಲೆಗಳ ಎಣಿಕೆಯಲ್ಲ, ಡಿಕ್ಲರೇಷನ್ನಿನಲ್ಲಿ ಬರೆದ ಪಾಲಿನ ಶೇಕಡಾವಾರು ಎಣಿಕೆ. ದೊಡ್ಡ ಫ್ಲ್ಯಾಟಿನವರ ಓಟಿಗೆ ತೂಕ ಹೆಚ್ಚು. ತಮಿಳುನಾಡು 1994ರಲ್ಲಿ ತನ್ನ ಅಪಾರ್ಟ್‌ಮೆಂಟ್ ಕಾಯ್ದೆ ಮಾಡಿತು, ಆದರೆ ಜನ ಸಂಘಗಳ ಕಾಯ್ದೆಯ ಪರಿಚಿತ ದಾರಿಯನ್ನೇ ಹಿಡಿದರು. ಎರಡರಲ್ಲಿ ಯಾವುದಾದರೂ ಸರಿ, ಸದಸ್ಯ ಎಂದರೆ ಮಾಲೀಕ.

ಮಾತಾಡಬಹುದು, ಓಟು ಹಾಕುವಂತಿಲ್ಲ ಎಂಬ ಸ್ಥಿತಿಯೂ ನಮಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಅವರು ಮದ್ರಾಸ್ ಪ್ರಾಂತ್ಯದಿಂದ, ಇಲ್ಲೇ ಚೆಂಗಲ್‌ಪಟ್ಟು ಕಡೆಯಿಂದ ಬಂದವರು. ದಸರೆಯ ಹೊತ್ತಿಗೆ 144 ಪ್ರತಿನಿಧಿಗಳು ಸೇರಿದರು, ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ದಿವಾನರು ವರ್ಷದ ಆಡಳಿತದ ವರದಿ ಓದುವುದು, ಪ್ರತಿನಿಧಿಗಳು ಅಹವಾಲು ಹೇಳುವುದು, ದಿವಾನರು ಉತ್ತರ ಕೊಡುವುದು. ಗೊತ್ತುವಳಿ ಮಾಡಿ ಸರಕಾರವನ್ನು ಕಟ್ಟಿಹಾಕುವ ಅಧಿಕಾರ ಇರಲಿಲ್ಲ. ಕಾನೂನಿನ ಸ್ಥಾನ ಸಿಕ್ಕಿದ್ದು 1923ರಲ್ಲಿ, 42 ವರ್ಷ ಮಾತಾಡಿದ ಮೇಲೆ. ಅಲ್ಲಿಯವರೆಗೆ ಸಭೆ ವ್ಯರ್ಥವಾಗಿತ್ತೇ ಎಂದರೆ ಇಲ್ಲ. ಎಲ್ಲರ ಎದುರು ಕೇಳಿದ ಪ್ರಶ್ನೆಗೆ ಎಲ್ಲರ ಎದುರೇ ಉತ್ತರಿಸಬೇಕಾದ ದಾಕ್ಷಿಣ್ಯ ಎಷ್ಟು ಕೆಲಸ ಮಾಡುತ್ತದೆ ಎಂದು ಮೈಸೂರಿನವರು ಆಗಲೇ ಕಂಡುಕೊಂಡಿದ್ದರು.

ಇನ್ನು ಕಾರ್ಯಸೂಚಿಯ ವಿಷಯ. ಅದನ್ನು ಬರಿ ಒಂದು ಪಟ್ಟಿ ಎಂದುಕೊಂಡವರು ಚೆನ್ನೈಯ ರಾಜಕೀಯ ನೋಡಬೇಕು. ತಮಿಳಿನಲ್ಲಿ ಪಕ್ಷಗಳ ಮಹಾಸಭೆಯನ್ನು ಪೊದುಕ್ಕುಳು ಎನ್ನುತ್ತಾರೆ. 2022ರ ಜೂನ್ 23ರಂದು ವಾನಗರಂನ ಕಲ್ಯಾಣ ಮಂಟಪವೊಂದರಲ್ಲಿ ಅಣ್ಣಾ ಡಿಎಂಕೆಯ ಪೊದುಕ್ಕುಳು ಸೇರಬೇಕಿತ್ತು. ನಾಯಕತ್ವದ ಜಗಳ ಹಿಂದಿನ ರಾತ್ರಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಯೊಬ್ಬರ ಮನೆಯಲ್ಲಿ ನಡುರಾತ್ರಿ ದಾಟಿ ವಿಚಾರಣೆ ನಡೆದು, ಬೆಳಗಾಗುವ ಮುಂಚೆ ಆದೇಶ ಬಂತು: ಸಭೆ ನಡೆಯಲಿ, ಆದರೆ ಮೊದಲೇ ತಿಳಿಸಿದ 23 ಕರಡು ನಿರ್ಣಯಗಳನ್ನು ಬಿಟ್ಟು ಬೇರೇನನ್ನೂ ತೀರ್ಮಾನಿಸಕೂಡದು. ಬೆಳಿಗ್ಗೆ ಸೇರಿದ ಸದಸ್ಯರು ಆ 23ನ್ನೂ ತಿರಸ್ಕರಿಸಿ, ಜುಲೈ 11ಕ್ಕೆ ಇನ್ನೊಂದು ಸಭೆ ಎಂದು ಸಾರಿ ಎದ್ದುಹೋದರು. ಆ ಎರಡನೆಯ ಸಭೆಯನ್ನು ಕರೆಯುವ ಅಧಿಕಾರ ಯಾರಿಗಿತ್ತು ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರ ಫೆಬ್ರವರಿ 23ರಂದು ಸಭೆ ಊರ್ಜಿತವಾಯಿತು. ನೋಟಿಸು ಯಾರು ಹೊರಡಿಸಿದರು, ಅದರಲ್ಲಿ ಏನಿತ್ತು ಎಂಬುದರ ಮೇಲೆ ಒಂದು ದೊಡ್ಡ ಪಕ್ಷ ಯಾರದೆಂದು ತೀರ್ಮಾನವಾಯಿತು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಅಣ್ಣಾ ನಗರದ ಸದಸ್ಯರು ಮುಂದಿನ ಮೀಟಿಂಗಿನಲ್ಲಿ, ಸಿಸಿಟಿವಿ ವಿಷಯ ಅಜೆಂಡಾದಲ್ಲಿ ಇರಲಿಲ್ಲವಲ್ಲ ಸಾರ್ ಎಂದರೆ ಆಶ್ಚರ್ಯವೇನಿದೆ.

ಅಧ್ಯಕ್ಷರ ಅನುಮತಿಯ ಮೇರೆಗೆ ಎಂಬ ಸಾಲು ಅದಕ್ಕೇ ಅಪಾಯದ್ದು. ನೋಟಿಸಿನಲ್ಲಿ ಇಲ್ಲದ್ದು ಆ ಬಾಗಿಲಿನಿಂದ ಒಳಗೆ ಬರುತ್ತದೆ. ಬರಲಾಗದವರಿಗೆ ಗೊತ್ತಾಗುವುದೇ ಇಲ್ಲ. ಬ್ಯಾಚುಲರುಗಳಿಗೆ ಇನ್ನು ಮೇಲೆ ಮನೆ ಕೊಡಕೂಡದು ಎಂಬ ಗೊತ್ತುವಳಿಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿ, ಕಾಫಿ ಬಂದು ಅರ್ಧ ಜನ ಎದ್ದುನಿಂತ ಹೊತ್ತಿನಲ್ಲಿ. ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ರಾಬರ್ಟ್ 1863ರಲ್ಲಿ ಒಂದು ಚರ್ಚಿನ ಸಭೆಗೆ ಅಧ್ಯಕ್ಷನಾಗಿ ಕೂತು, ನಡೆಸಲಾಗದೆ ಒದ್ದಾಡಿ, ಆಮೇಲೆ ನಿಯಮಗಳನ್ನು ಓದಿ 1876ರಲ್ಲಿ ಪುಸ್ತಕವನ್ನೇ ಬರೆದ. ಒಂದು ಹೊತ್ತಿಗೆ ಒಂದೇ ವಿಷಯ ಎಂಬುದು ಅದರ ತಿರುಳು. ಪಾರ್ಕಿಂಗಿನ ಸಭೆಯಲ್ಲಿ ಮೋಟಾರಿನ ಮಾತು ನಡೆಯುವಾಗ ನಾಯಿಯ ಮಾತು ತೆಗೆಯುವವರನ್ನು ಕೂರಿಸುವುದು ಈಗಲೂ ಅಷ್ಟೇ ಕಷ್ಟ.

ಇಷ್ಟೆಲ್ಲ ಕುಂದುಗಳಿರುವ ಈ ಸಭೆಯೇ ಊರನ್ನು ನಡೆಸಿದ ದಿನಗಳೂ ಇವೆ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ತಾರಸಿಯ ಪೈಪನ್ನು ಬಾವಿಗೆ ತಿರುಗಿಸುವ ಖರ್ಚು ಹಂಚಿಕೊಂಡದ್ದು ಈ ಸಭೆಗಳಲ್ಲಿ. 2015ರ ಡಿಸೆಂಬರಿನ ನೆರೆ ಬಂತು. 2019ರ ಬೇಸಿಗೆಯಲ್ಲಿ ನಗರದ ಕೆರೆಗಳು ಬತ್ತಿದವು. ಆ ವರ್ಷ ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತ ರೈಲು ಅಣ್ಣಾ ನಗರದ ಮಗ್ಗುಲಿಗಿರುವ ವಿಲ್ಲಿವಾಕ್ಕಂಗೆ ಬಂದು ನಿಂತಿತು. 50 ವ್ಯಾಗನ್ನುಗಳು, ಅದರಲ್ಲಿ ಕಾವೇರಿ ನೀರು. ಬೆಂಗಳೂರಿಗೆ ಹೋಗಿಬರುವಾಗ ನಿದ್ದೆಗಣ್ಣಿನಲ್ಲಿ ದಾಟುವ ಜೋಲಾರ್‌ಪೇಟೆ ಹೀಗೆ ಮನೆಬಾಗಿಲಿಗೆ ಬಂದೀತೆಂದು ಯಾರು ತಿಳಿದಿದ್ದರು! ಆ ತಿಂಗಳುಗಳಲ್ಲಿ ಅಸೋಸಿಯೇಷನ್ನುಗಳು ವಾರಕ್ಕೊಮ್ಮೆ ಸೇರಿದ್ದುಂಟು. ಲಾರಿ ನೀರಿಗೆ ಯಾರು ಎಷ್ಟು ಕೊಡಬೇಕು: ಫ್ಲ್ಯಾಟಿಗೊಂದು ಲೆಕ್ಕವೋ, ತಲೆಗೊಂದು ಲೆಕ್ಕವೋ, ಚದರಡಿಯ ಲೆಕ್ಕವೋ? ರಾಚ್‌ಡೇಲಿನ ಓಟು ಮತ್ತು ಕರ್ನಾಟಕದ ಶೇಕಡಾವಾರು ಓಟಿನ ವಾದವೇ ಬಕೆಟ್ಟಿನ ರೂಪದಲ್ಲಿ ಮತ್ತೆ ಎದ್ದು ಬಂದಿತ್ತು. ನಾಲ್ಕು ಹುಡುಗರು ಹಂಚಿಕೊಂಡಿದ್ದ ಮನೆಗಳ ಮೇಲೆ ತಲೆಯ ಲೆಕ್ಕ ಹೇರುವುದು ಸುಲಭವಾಗಿತ್ತು, ಏಕೆಂದರೆ ಆ ನಾಲ್ವರಲ್ಲಿ ಒಬ್ಬರೂ ಸಭೆಯಲ್ಲಿರಲಿಲ್ಲ.

ಮಾಲೀಕರಾದರೂ ಇದ್ದರೇ? ಅಣ್ಣಾ ನಗರದ ಎಷ್ಟೋ ಫ್ಲ್ಯಾಟುಗಳ ಮಾಲೀಕರು ಡಲ್ಲಾಸಿನಲ್ಲೋ ಸಿಂಗಪುರದಲ್ಲೋ ಇದ್ದಾರೆ. ಕೋರಂ ಆಗದಿರುವುದಕ್ಕೆ ಇದೇ ಮುಖ್ಯ ಕಾರಣ. ಓಟಿರುವವರು ಊರಲ್ಲಿಲ್ಲ, ಊರಲ್ಲಿರುವವರಿಗೆ ಓಟಿಲ್ಲ. ಬೈಲಾ ಪ್ರಾಕ್ಸಿಗೆ ಅವಕಾಶ ಕೊಟ್ಟಿರುವ ಕಡೆ ಬಾಡಿಗೆದಾರರು ಮಾಲೀಕರಿಂದ ಒಂದು ಸಾಲಿನ ಪತ್ರ ತರಿಸಿಕೊಂಡು ಹೋಗಿ ಕೂತದ್ದುಂಟು. ಸೆಕ್ರೆಟರಿಗಳು ಬೇಡವೆನ್ನುವುದು ಕಡಿಮೆ. ಅವರಿಗೂ ತಲೆ ಬೇಕು. ಕೆಲವರು ಪ್ರಾಕ್ಸಿ ಇಲ್ಲದೆಯೂ ಬಾಡಿಗೆದಾರರನ್ನು ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿಕೊಳ್ಳುತ್ತಾರೆ, ರಂಗಾಚಾರ್ಲು ಅವರಂತೆ.

ಈಗ ಹೊಸ ಕಾಲ ಬಂದಿದೆ. 1994ರ ಕಾಯ್ದೆಯ ಜಾಗದಲ್ಲಿ ತಮಿಳುನಾಡು 2022ರಲ್ಲಿ ಬೇರೆ ಕಾಯ್ದೆ ಮಾಡಿ 2024ರಲ್ಲಿ ಜಾರಿಗೆ ತಂದಿತು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಮೂರನೇ ಎರಡು ಪಾಲು ಮಾಲೀಕರು ಒಪ್ಪಿದರೆ ಸಾಕು ಎಂಬುದು ಅದರಲ್ಲಿ ಎಲ್ಲರ ಬಾಯಿಗೆ ಬಿದ್ದಿರುವ ಮಾತು. ಮೊದಲು ಒಬ್ಬರು ಒಲ್ಲೆ ಎಂದರೂ ಕೆಲಸ ನಿಲ್ಲುತ್ತಿತ್ತು. ನಲವತ್ತು, ಐವತ್ತು ವರ್ಷದ ಹೌಸಿಂಗ್ ಬೋರ್ಡ್ ಬ್ಲಾಕುಗಳು, ಎಂಬತ್ತರ ದಶಕದ ಮೂರಂತಸ್ತಿನ ಕಟ್ಟಡಗಳು ತುಂಬಿರುವ ಅಣ್ಣಾ ನಗರದಲ್ಲಿ ಇದರ ಅರ್ಥ ದೊಡ್ಡದು. ಹನ್ನೆರಡು ಫ್ಲ್ಯಾಟಿನಲ್ಲಿ ಎಂಟು ಸಹಿ. ಸೆಕ್ರೆಟರಿಯ ಫೋನುಗಳು ಈಗ ಡಲ್ಲಾಸಿಗೂ ಹೋಗುತ್ತವೆ. ಒಪ್ಪದ ನಾಲ್ವರಲ್ಲಿ ಸಾಮಾನ್ಯವಾಗಿ ವಯಸ್ಸಾದ ವಿಧವೆಯೊಬ್ಬರಿರುತ್ತಾರೆ. ಎರಡು ಮೂರು ವರ್ಷ ಬೇರೆಡೆ ಬಾಡಿಗೆಗಿದ್ದು ಬಂದೇನೆಂಬ ನಂಬಿಕೆ ಅವರಿಗಿಲ್ಲ. ಅವರ ಆಕ್ಷೇಪವನ್ನು ನಡಾವಳಿಯಲ್ಲಿ ಪೂರ್ತಿ ಬರೆದುಕೊಳ್ಳುವ ಸೆಕ್ರೆಟರಿಯೂ ಇದ್ದಾನೆ, ಬಹುಮತದಿಂದ ನಿರ್ಣಯಿಸಲಾಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸುವವನೂ ಇದ್ದಾನೆ. ಮುಂದೆ ಕೋರ್ಟಿಗೆ ಹೋದರೆ ಓದುವುದು ಆ ಪುಸ್ತಕವನ್ನೇ.

ಬಾಡಿಗೆದಾರರಿಗೆ ಬರುವುದು ವಾಟ್ಸ್ಯಾಪಿನಲ್ಲಿ ಒಂದು ಮೆಸೇಜು: ಕರಾರಿನಂತೆ ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು, ಅಡ್ವಾನ್ಸು ವಾಪಸು. ಕೆಡವಲಿರುವ ಮನೆಗೂ ಪೇಂಟಿಂಗ್ ಖರ್ಚು ಮುರಿದುಕೊಂಡವರಿದ್ದಾರೆ.